ಅಪ್ಪಣೆ ಮೀರಿದ ಮಗ, ಹೆಮ್ಮೆಪಟ್ಟ ತಂದೆ

ಜೈನ ಪುರಾಣಗಳನ್ನು ಓದುವವರಿಗೂ ಕೇಳುವವರಿಗೂ ಮಗಧದ ಶ್ರೇಣಿಕ ಮಹಾರಾಜನು ಅಪರಿಚಿತನಲ್ಲ. ಗೌತಮ ಗಣಧರರ ಮುಂದೆ ಕೈಮುಗಿದು ಪ್ರಶ್ನೆ ಕೇಳುವವನು ಅವನೇ. ಆ ಪ್ರಶ್ನೆಗೆ ಉತ್ತರವಾಗಿಯೇ ನಮ್ಮ ಎಷ್ಟೋ ಪುರಾಣಗಳ ಕಥೆ ತೆರೆದುಕೊಳ್ಳುತ್ತದೆ. ಇಷ್ಟೊಂದು ಕೇಳಬಲ್ಲ ರಾಜನು ಒಮ್ಮೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳದೆ ಹೋದನು. ಉತ್ತರ ಹೇಳಬೇಕಾದವಳು ಪಕ್ಕದಲ್ಲಿಯೇ ಮಲಗಿದ್ದಳು.

ಶ್ವೇತಾಂಬರ ಪರಂಪರೆಯ ಈ ಪ್ರಸಂಗವನ್ನು 12ನೆಯ ಶತಮಾನದ ಹೇಮಚಂದ್ರಾಚಾರ್ಯರು ‘ತ್ರಿಷಷ್ಟಿಶಲಾಕಾಪುರುಷಚರಿತ್ರೆ’ಯಲ್ಲಿ ಹೇಳಿದ್ದಾರೆ. ಅದು ಕಡುಚಳಿಯ ಕಾಲ. ಶ್ರೇಣಿಕನೂ ರಾಣಿ ಚೇಲಿನಿಯೂ ಭಗವಾನ್ ಮಹಾವೀರರ ದರ್ಶನ ಮಾಡಿ ಹಿಂದಿರುಗುವಾಗ, ನೀರಿನ ದಡದಲ್ಲಿ ಹೊದಿಕೆಯಿಲ್ಲದೆ ಕಾಯೋತ್ಸರ್ಗದಲ್ಲಿ ನಿಂತಿದ್ದ ಮುನಿಗಳೊಬ್ಬರನ್ನು ಕಂಡು ವಂದಿಸಿದರು. ಆ ರಾತ್ರಿ ನಿದ್ದೆಯಲ್ಲಿ ರಾಣಿಯ ಕೈ ಹೊದಿಕೆಯಿಂದ ಹೊರಗೆ ಸರಿಯಿತು. ಚಳಿಗೆ ಎಚ್ಚರವಾದಾಗ ಆಕೆಗೆ ಮುನಿಗಳ ನೆನಪಾಯಿತು. ಇಂಥ ಚಳಿಯಲ್ಲಿ ಅವರು ಹೇಗಿರುವರೋ ಎಂದು ತನ್ನಷ್ಟಕ್ಕೆ ಅಂದುಕೊಂಡು ಮತ್ತೆ ನಿದ್ದೆಹೋದಳು. ಮಾತು ರಾಜನ ಕಿವಿಗೆ ಬಿತ್ತು. ‘ಅವರು’ ಯಾರೆಂಬುದು ಮಾತ್ರ ತಿಳಿಯಲಿಲ್ಲ.

ಉಳಿದ ರಾತ್ರಿಯೆಲ್ಲ ಅವನಿಗೆ ನಿದ್ದೆ ಬರಲಿಲ್ಲ. ಬೆಳಗಾದೊಡನೆ ಮಗನೂ ಮಂತ್ರಿಯೂ ಆದ ಅಭಯಕುಮಾರನನ್ನು ಕರೆಸಿ, ಅಂತಃಪುರವು ಕೆಟ್ಟುಹೋಗಿದೆ, ಅದಕ್ಕೆ ಬೆಂಕಿ ಇಡು, ತಾಯಂದಿರೆಂಬ ಮಮತೆ ಬೇಡ ಎಂದು ಆಜ್ಞಾಪಿಸಿ, ತಾನು ಭಗವಾನರ ಸಮವಸರಣಕ್ಕೆ ಹೊರಟುಹೋದನು. ಮನೆಗೆ ಬೆಂಕಿ ಇಡಲು ಹೇಳಿ ಧರ್ಮೋಪದೇಶ ಕೇಳಲು ಹೋದ ದೊರೆ! ನಗುವವರು ನಗಬಹುದು, ಆದರೆ ಆ ವೈಚಿತ್ರ್ಯದಿಂದಲೇ ಅಂದು ಅನೇಕ ಜೀವಗಳು ಉಳಿದವು.

ಅಭಯನ ಜಾಣ್ಮೆ ರಾಜಗೃಹಕ್ಕೆ ಹೊಸತಲ್ಲ. ತಾಯಿ ನಂದಾದೇವಿಯ ತವರಿನಲ್ಲಿ ಬೆಳೆದ ಆತನು, ತಂದೆಯ ಮುಖವನ್ನೇ ಕಂಡಿರದ ಬಾಲ್ಯದಲ್ಲಿ, ರಾಜನು ಒಡ್ಡಿದ್ದ ಪರೀಕ್ಷೆಯನ್ನು ಗೆದ್ದಿದ್ದನು. ಒಣಬಾವಿಯ ತಳದಲ್ಲಿದ್ದ ಉಂಗುರವನ್ನು ದಂಡೆಯಿಂದಲೇ ಕೈಗೆತ್ತಿಕೊಳ್ಳಬೇಕಾಗಿತ್ತು. ಹುಡುಗ ಅದರ ಮೇಲೆ ಹಸಿ ಸೆಗಣಿ ಎಸೆದನು, ಉರಿಯುವ ಹುಲ್ಲನ್ನು ಹಾಕಿ ಒಣಗಿಸಿದನು, ಬಾವಿಗೆ ನೀರು ತುಂಬಿಸಿದನು. ಉಂಗುರ ಕಚ್ಚಿಕೊಂಡ ಬೆರಣಿ ತೇಲಿ ಮೇಲೆ ಬಂತು. ಹಿಂದೆ ಕಂಡು ಕೇಳಿರದ ಸಂದರ್ಭದಲ್ಲಿ ತಟ್ಟನೆ ಹುಟ್ಟುವ ಇಂಥ ಬುದ್ಧಿಗೆ ಆಗಮಗಳಲ್ಲಿ ‘ಔತ್ಪತ್ತಿಕೀ’ ಎಂಬ ಹೆಸರಿದೆ. ಗುಜರಾತ್, ರಾಜಸ್ಥಾನ ಮೂಲದ ಜೈನ ವರ್ತಕರು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವಾಗ, ಗೌತಮಸ್ವಾಮಿಯ ಲಬ್ಧಿಯೊಡನೆ ಅಭಯಕುಮಾರನ ಬುದ್ಧಿಯೂ ದೊರೆಯಲೆಂದು ಬರೆಯುವ ರೂಢಿ ಇಂದಿಗೂ ಇದೆ.

ಆದರೆ ಉಂಗುರದ ಬಾವಿಯೇ ಬೇರೆ, ಅಂತಃಪುರದ ಬೆಂಕಿಯೇ ಬೇರೆ. ಅಲ್ಲಿ ತಪ್ಪಿದರೆ ಉಂಗುರ ಹೋಗುತ್ತಿತ್ತು. ಇಲ್ಲಿ ತಪ್ಪಿದರೆ ತಾಯಂದಿರು ಹೋಗುತ್ತಿದ್ದರು. ಆಗುವುದಿಲ್ಲವೆಂದು ನೇರವಾಗಿ ಹೇಳಿದ್ದರೆ ಆಜ್ಞೆಯು ಕಣ್ಣುಮುಚ್ಚಿ ನಡೆಸುವ ಮತ್ತೊಬ್ಬನ ಕೈಸೇರುತ್ತಿತ್ತು. ವಾದಿಸಿದ್ದರೆ ಸಂದೇಹ ಮತ್ತಷ್ಟು ಬಲಿಯುತ್ತಿತ್ತು. ಅಭಯನು ಎರಡನ್ನೂ ಮಾಡಲಿಲ್ಲ. ಅರಮನೆಯ ಬಳಿ ಪಾಳುಬಿದ್ದಿದ್ದ ಹಳೆಯ ಆನೆಲಾಯಗಳಿಗೆ ಬೆಂಕಿ ಹಚ್ಚಿಸಿ, ಅಂತಃಪುರ ಉರಿಯುತ್ತಿದೆಯೆಂಬ ಸುದ್ದಿ ಹಬ್ಬಿಸಿದನು. ಹೊಗೆ ಎದ್ದಿತು, ಇನ್ನೊಬ್ಬನಿಗೆ ಆಜ್ಞೆ ಹೋಗುವ ದಾರಿ ಮುಚ್ಚಿತು.

ಬೆಂಕಿ ಹಚ್ಚುವುದೂ ಹಿಂಸೆಯೇ ಅಲ್ಲವೇ, ಪಾಳು ಲಾಯದಲ್ಲಿ ಕ್ರಿಮಿಕೀಟಗಳಿರಲಿಲ್ಲವೇ ಎಂದು ಕೇಳುವ ಶ್ರಾವಕರುಂಟು. ಪ್ರಶ್ನೆ ಸರಿಯಾದುದೇ, ಅದು ನಿರ್ದೋಷವೆಂದು ಯಾರೂ ಹೇಳಲಾರರು. ಆದರೆ ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದನ್ನು ಹಿಂಸೆಯೆನ್ನುತ್ತದೆ ತತ್ತ್ವಾರ್ಥಸೂತ್ರ. ಆ ಬೆಳಗ್ಗೆ ಪ್ರಮತ್ತನಾಗಿದ್ದವನು ಯಾರು, ಎಚ್ಚರದಲ್ಲಿದ್ದವನು ಯಾರು ಎಂಬುದು ಸ್ಪಷ್ಟವಾಗಿಯೇ ಇದೆ. ಇನ್ನು ಸತ್ಯವ್ರತದ ಮಾತು. ಸತ್ಯವೇ ಆದರೂ ಪರರಿಗೆ ವಿಪತ್ತು ತರುವುದಾದರೆ ಗೃಹಸ್ಥನು ಅದನ್ನು ನುಡಿಯಬಾರದೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ತಿಳಿಸಿದ್ದಾರೆ.

ಅಭಯನು ನೆಚ್ಚಿದ್ದು ಕಾಲವನ್ನು. ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಲಾಗಿದೆ: ಬಂಡೆಯ ಮೇಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ತಂದೆಯ ಸಿಟ್ಟು ಬಂಡೆಯ ಗೆರೆಯಲ್ಲವೆಂಬುದು ಮಗನಿಗೆ ಗೊತ್ತಿತ್ತು. ಸಮವಸರಣದವರೆಗೆ ಹೋಗಿಬರುವಷ್ಟು ಹೊತ್ತು ಸಿಕ್ಕರೆ ಸಾಕಾಗಿತ್ತು.

ಹಾಗೆಯೇ ಆಯಿತು. ಚೇಲಿನಿಗೆ ಪತಿ ಒಬ್ಬನೋ ಅನೇಕರೋ ಎಂದು ಶ್ರೇಣಿಕನು ಭಗವಾನರನ್ನೇ ಕೇಳಿದನು. ಆಕೆ ಶೀಲವತಿ, ಶಂಕೆ ಬೇಡ ಎಂಬ ಉತ್ತರ ಬಂತು. ರಾಜನು ಎದ್ದುಬಿದ್ದು ನಗರದತ್ತ ಧಾವಿಸಿದನು. ಎದುರಿಗೆ ಬಂದ ಅಭಯನನ್ನು ಹೇಳಿದ್ದನ್ನು ಮಾಡಿದೆಯಾ ಎಂದು ಕೇಳಿದಾಗ, ತಮ್ಮ ಅಪ್ಪಣೆಯಂತೆ ನಡೆಯಿತು ಎಂದನು ಮಗ. ತಾಯಂದಿರನ್ನು ಸುಟ್ಟು ನೀನೇಕೆ ಬದುಕಿರುವೆ, ಆ ಬೆಂಕಿಗೆ ನೀನೂ ಏಕೆ ಹಾರಲಿಲ್ಲ ಎಂದು ತಂದೆ ಗದರಿದನು. ಬೆಳಗ್ಗೆ ತಾನೇ ಕೊಟ್ಟ ಆಜ್ಞೆಗೆ ಮಧ್ಯಾಹ್ನ ಮಗನನ್ನು ಬೈಯುವ ತಂದೆ ರಾಜಗೃಹದಲ್ಲಷ್ಟೇ ಇದ್ದನೆಂದು ತಿಳಿಯಬೇಕಾಗಿಲ್ಲ. ಅಗ್ನಿಪ್ರವೇಶ ನನಗೆ ಸಲ್ಲದು, ಕಾಲ ಬಂದಾಗ ದೀಕ್ಷೆ ಕೈಗೊಳ್ಳುವೆನು ಎಂದು ಅಭಯನು ಶಾಂತವಾಗಿಯೇ ಉತ್ತರಿಸಿದನು. ರಾಜನು ಮೂರ್ಛೆಹೋದನು.

ಅಪಾಯ ಕಳೆದ ಮೇಲೆಯೂ ಮಗ ನಿಜವನ್ನು ಅಷ್ಟು ಹೊತ್ತು ಮುಚ್ಚಿಟ್ಟದ್ದು ತುಸು ಕಟುವೆನಿಸುತ್ತದೆ. ಅವನೇ ತಣ್ಣೀರೆರಚಿ ತಂದೆಯನ್ನು ಎಚ್ಚರಿಸಿದನು; ಸುಟ್ಟದ್ದು ಹಳೆಯ ಲಾಯ, ತಾಯಂದಿರೆಲ್ಲ ಕ್ಷೇಮವಾಗಿದ್ದಾರೆ ಎಂದನು. ಆಗ ಶ್ರೇಣಿಕನ ಹೆಮ್ಮೆಗೆ ಪಾರವಿರಲಿಲ್ಲ. ನೀನೇ ನಿಜವಾದ ಮಗ, ನನ್ನ ತಲೆಗೆ ಬರಲಿದ್ದ ಕಳಂಕವನ್ನು ತಪ್ಪಿಸಿದೆ ಎಂದು ಕೊಂಡಾಡಿದನು. ಉಂಗುರ ಎತ್ತಿದ ಬಾಲಕನನ್ನು ಮಡಿಲಲ್ಲಿ ಕೂರಿಸಿಕೊಂಡಾಗಿನ ಹೆಮ್ಮೆ ಇದಲ್ಲ. ಇದರಲ್ಲಿ ನಾಚಿಕೆಯೂ ಬೆರೆತಿತ್ತು. ತನ್ನ ಮಾತನ್ನು ಮೀರಿದ್ದಕ್ಕಾಗಿಯೇ ಮಗನನ್ನು ಹೊಗಳಬೇಕಾಗಿತ್ತು.

ಮುಂದೆ ಸಿಂಹಾಸನ ಕೊಡಬಂದಾಗ ಅಭಯನು ಬೇಡವೆಂದನು. ತಂದೆಯ ಅನುಮತಿ ಪಡೆದು ಭಗವಾನ್ ಮಹಾವೀರರ ಬಳಿ ಮುನಿದೀಕ್ಷೆ ಸ್ವೀಕರಿಸಿದನು. ನಂದಾದೇವಿಯೂ ಮಗನ ದಾರಿಯನ್ನೇ ಹಿಡಿದು ದೀಕ್ಷಿತಳಾದಳು. ರಾಜ್ಯಕ್ಕಾಗಿ ಕಾದಿದ್ದವನು ಚೇಲಿನಿಯ ಮಗ ಕೂಣಿಕ; ಅವನೇ ಮುಂದೆ ಮುದಿತಂದೆಯನ್ನು ಸೆರೆಯಲ್ಲಿಟ್ಟನು. ಆ ಸೆರೆಮನೆಗೆ ಕದ್ದು ಅನ್ನ ಒಯ್ದು ಶ್ರೇಣಿಕನ ಜೀವ ಹಿಡಿದಿಟ್ಟವಳು, ಅಂದು ಬೆಂಕಿಯಿಂದ ಉಳಿದಿದ್ದ ಚೇಲಿನಿ.