ಕರಿಗಲ್ಲಿನಲ್ಲಿ ಬಾಗಿದ ಇಸ್ರೇಲಿನ ದೊರೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಆ ಕರಿಗಲ್ಲಿನ ಮುಂದೆ ನಿಂತ ಕೂಡಲೇ ನನ್ನ ಕಣ್ಣು ಹುಡುಕಿದ್ದು ಮೇಲಿನಿಂದ ಎರಡನೇ ಸಾಲನ್ನು. ಸುಮಾರು ಎರಡು ಮೀಟರ್ ಎತ್ತರದ, ನಾಲ್ಕು ಮುಖದ ಕಂಬವದು. ನಮ್ಮ ವೀರಗಲ್ಲಿನಂತೆ ಪಟ್ಟಿಪಟ್ಟಿಯಾಗಿ ಕೊರೆದ 20 ಉಬ್ಬುಚಿತ್ರಗಳು. 1846ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಲೇಯಾರ್ಡ್ ಇದನ್ನು ಇರಾಕಿನ ನಿಮ್ರೂದ್‌ನಲ್ಲಿ ಅಗೆದು ತೆಗೆದ. ಅಸ್ಸೀರಿಯದ ಮೂರನೇ ಶಲ್ಮನೇಸರ್ ಬಟ್ಟಲು ಹಿಡಿದು ನಿಂತಿದ್ದಾನೆ. ಹಿಂದೆ ಕೊಡೆ ಹಿಡಿದ ಸೇವಕ. ಎದುರಿಗೆ ಮೊಣಕಾಲೂರಿ, ಗಡ್ಡ ನೆಲಕ್ಕೆ ತಾಗುವಷ್ಟು ಬಾಗಿದವನು ಇಸ್ರೇಲಿನ ಯೇಹು. ಅವನಲ್ಲ, ಅವನ ದೂತ ಎನ್ನುವ ವಿದ್ವಾಂಸರೂ ಇದ್ದಾರೆ. ನಾನು ಯೇಹುವೇ ಎನ್ನುವ ಪಕ್ಷದವನು. ಅದೇ ಸಾಲಿನ ಉಳಿದ ಮುಖಗಳಲ್ಲಿ ಚೂಪು ಟೋಪಿಯ, ಕುಚ್ಚಿನ ನಿಲುವಂಗಿಯ ಆಳುಗಳು ಬೆಳ್ಳಿ, ಬಂಗಾರ, ತವರದ ಕಪ್ಪ ಹೊತ್ತು ಸಾಲಾಗಿ ಬರುತ್ತಾರೆ.

ಕ್ರಿ.ಪೂ. 841ರ ಈ ಪ್ರಸಂಗದ ಸುಳಿವೂ ಬೈಬಲ್ಲಿನಲ್ಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಕಲ್ಲಿನ ಬರಹ ಯೇಹುವನ್ನು ಒಮ್ರಿಯ ಮಗ ಎನ್ನುತ್ತದೆ. ಅಲ್ಲಿಯವರೆಗೆ ಇಸ್ರೇಲನ್ನಾಳಿದ ಒಮ್ರಿಯ ಮನೆತನವನ್ನೇ ನಿರ್ವಂಶ ಮಾಡಿ ಗದ್ದುಗೆಗೇರಿದವನು ಯೇಹು! ಒಮ್ರಿಯ ಮಗ ಅಹಾಬನ 70 ಮಕ್ಕಳ ತಲೆಗಳನ್ನು ಬುಟ್ಟಿಯಲ್ಲಿ ತರಿಸಿಕೊಂಡನೆಂದು ಬೈಬಲ್ಲೇ ಹೇಳುತ್ತದೆ. ಅಸ್ಸೀರಿಯದವರಿಗೆ ಇದೆಲ್ಲ ಲೆಕ್ಕಕ್ಕಿರಲಿಲ್ಲ. ಅವರ ಪಾಲಿಗೆ ಆ ನಾಡೇ ಒಮ್ರಿಯ ಮನೆ, ಯಾರು ಆಳಿದರೂ. ವಂಶ ಅಳಿದು ನೂರು ವರ್ಷ ಕಳೆದ ಮೇಲೂ ಅದೇ ಹೆಸರು.

ಶೆಮೆರನೆಂಬವನಿಂದ ಎರಡು ತಲಾಂತು ಬೆಳ್ಳಿಗೆ ಗುಡ್ಡ ಕೊಂಡು ಸಮಾರ್ಯವನ್ನು ರಾಜಧಾನಿಯಾಗಿ ಕಟ್ಟಿದವನು ಈ ಒಮ್ರಿ. ನೆರೆಯ ಯೆಹೂದ ರಾಜ್ಯದ ಬೈಬಲ್ ಲಿಪಿಕಾರರು ಅವನಿಗೆ ಬೆರಳೆಣಿಕೆಯ ವಾಕ್ಯಗಳನ್ನು ಕೊಟ್ಟು, ಪಾಪಿಯೆಂದು ಷರಾ ಬರೆದು ಮುಂದೆ ಹೋದರು. ಇದು ಅನ್ಯಾಯವೆಂದೇ ನನ್ನ ಭಾವನೆ. ಅವನ ಮಗ ಅಹಾಬ ಕ್ರಿ.ಪೂ. 853ರ ಕರ್ಕರ್ ಕದನಕ್ಕೆ 2,000 ರಥ ತಂದನೆಂದು ಇದೇ ಶಲ್ಮನೇಸರನ ಇನ್ನೊಂದು ಶಾಸನ ಹೇಳುತ್ತದೆ. ಸಂಖ್ಯೆ ನಂಬುವುದು ಕಷ್ಟ. ಆದರೂ ಶತ್ರು ಲೆಕ್ಕಕ್ಕಿಟ್ಟುಕೊಂಡ ರಾಜ್ಯವದು.

ಯೇಹುವಿನ ಕತ್ತಿ ಅಹಾಬನ ಹೆಂಡತಿ, ಸೀದೋನಿನ ರಾಜಪುತ್ರಿ ಈಜೆಬೆಲಳನ್ನೂ ಯೆಹೂದದ ಅರಸನನ್ನೂ ಬಿಡಲಿಲ್ಲ. ನೆಂಟಸ್ತನ ಕಡಿದು ಒಂಟಿಯಾದ ನಾಡಿನಿಂದ ದಮಸ್ಕದ ಅರಸ ಹಜಾಯೇಲ ಯೊರ್ದಾನಿನ ಆಚೆ ದಡವನ್ನು ಕಿತ್ತುಕೊಂಡ. ಎರಡನೇ ಯಾರೊಬ್ಬಾಮನ ಕಾಲದಲ್ಲಿ ಎಣ್ಣೆ, ದ್ರಾಕ್ಷಾರಸದ ಸಿರಿ ಮರಳಿತು. ಅವನು ಸತ್ತ ಮೇಲೆ ಒಬ್ಬರನ್ನೊಬ್ಬರು ಕೊಂದು ಅರಸರಾದರು. ಶಲ್ಲೂಮ ಆಳಿದ್ದು ಒಂದೇ ತಿಂಗಳು. ಕ್ರಿ.ಪೂ. 732ರ ಹೊತ್ತಿಗೆ ಗಲಿಲಾಯ ಅಸ್ಸೀರಿಯದ ಪಾಲಾಯಿತು, 722ರ ಸುಮಾರಿಗೆ ಸಮಾರ್ಯವೂ ಬಿತ್ತು.

27,290 ಜನರನ್ನು ಸೆರೆಯೊಯ್ದೆನೆಂದು ಅಸ್ಸೀರಿಯದ ಎರಡನೇ ಸರ್ಗೋನ್ ಕೊಚ್ಚಿಕೊಂಡ. ಕಾಣೆಯಾದ ಹತ್ತು ಕುಲಗಳ ಕಥೆ ಹುಟ್ಟಿದ್ದು ಈ ಗಡೀಪಾರಿನಿಂದಲೇ. ಆದರೆ ಎಲ್ಲರೂ ಊರು ಬಿಡಲಿಲ್ಲ. ಉಳಿದವರ ಸಂತತಿ ತಾವೆನ್ನುವ ಸಮಾರಿಯರು ನಾಬ್ಲಸ್ ಪಕ್ಕದ ಗೆರಿಜ್ಜೀಮ್ ಬೆಟ್ಟದಲ್ಲಿ ಇಂದಿಗೂ ಪಸ್ಕ ಹಬ್ಬಕ್ಕೆ ಕುರಿ ಬಲಿ ಕೊಡುತ್ತಾರೆ.