ಬಾಯ್ಲರ್ ಪ್ರೆಷರ್ ಇಳಿಯೋದ್ಯಾಕೆ?

ಮಗಳ ಬಾಣಂತನಕ್ಕೆ ಚಳಿಗಾಲದಲ್ಲಿ ಇಂಗ್ಲೆಂಡಿಗೆ ಹೊರಟಿದ್ದೀರಾ? ಅಲ್ಲಿ ಹೆಚ್ಚಿನ ಮನೆಗಳು ಬೆಚ್ಚಗಿರೋದು ಗ್ಯಾಸ್ ಬಾಯ್ಲರಿನಿಂದ. ಅದು ನಿಂತರೆ ಎಳೆಕೂಸಿಗೆ ಬಿಸಿನೀರಿಗೂ ಪರದಾಟ. ಬಾಯ್ಲರ್ ತಣ್ಣಗಿದ್ದಾಗ ಪ್ರೆಷರ್ ಮುಳ್ಳು 1ರಿಂದ 1.5 ಬಾರ್ ತೋರಿಸಬೇಕು. ರೇಡಿಯೇಟರಿನ ಗಾಳಿ ಬಿಟ್ಟ ಮೇಲೆ ಒಮ್ಮೆ ಇಳಿದರೆ ಗಾಬರಿ ಬೇಡ, ಅಳಿಯಂದಿರಿಗೆ ಹೇಳಿ ನೀರು ತುಂಬಿಸಿ.

ವಾರವಾರವೂ ಇಳೀತಿದ್ರೆ ಮಾತ್ರ ಬರೀ ತುಂಬಿಸುತ್ತಾ ಕೂರಬೇಡಿ, ನೀರು ಎಲ್ಲೋ ಹೋಗ್ತಿದೆ. ರೇಡಿಯೇಟರ್ ವಾಲ್ವ್‌ಗಳ ಕೆಳಗೆ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಪಸೆಯೂ ಅದರಲ್ಲಿ ಗೊತ್ತಾಗುತ್ತೆ. ಹೊರಗೋಡೆಯ ಸಣ್ಣ ತಾಮ್ರದ ಪೈಪ್ ತೊಟ್ಟಿಕ್ಕುತ್ತಿದೆಯಾ? ಜೊತೆಗೆ, ಬಿಸಿಯಾದಾಗ ಮುಳ್ಳು 3ರ ಹತ್ತಿರ ಏರಿ, ಆರಿದಾಗ ಸೊನ್ನೆಯತ್ತ ಬಿದ್ದರೆ, ಎಕ್ಸ್‌ಪ್ಯಾನ್ಷನ್ ವೆಸೆಲ್ ಕೆಟ್ಟಿರೋ ಸಾಧ್ಯತೆಯೇ ಹೆಚ್ಚು. ಬಾಯ್ಲರಿನ ಮುಚ್ಚಳ ನೀವ್ಯಾರೂ ಬಿಚ್ಚಬೇಡಿ. 'ಗ್ಯಾಸ್ ಸೇಫ್' ಕಾರ್ಡ್ ಇರುವವರನ್ನೇ ಕರೆಸಿ.