ಗುಳಿಗೆ ಒಂದು, ಔಷಧ ಮೂರು

ಕಳೆದ ಆಷಾಢ ಏಕಾದಶಿಯ ದಿನ ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿರುವ ನನ್ನ ಅಕ್ಕ ಉಪವಾಸವಿದ್ದರು. ಎಪ್ಪತ್ತೆರಡು ವರ್ಷದ ಅವರಿಗೆ ಹದಿನಾಲ್ಕು ವರ್ಷಗಳಿಂದ ಮಧುಮೇಹವಿದೆ. ಊಟ ಬಿಟ್ಟರೂ ಗುಳಿಗೆ ಬಿಡಬಾರದೆಂಬ ನಿಷ್ಠೆ ಅವರದು. ಅಂದು ಬೆಳಿಗ್ಗೆಯೂ ಎಂದಿನಂತೆ ಗುಳಿಗೆ ನುಂಗಿದರು. ಹನ್ನೊಂದು ಗಂಟೆಯ ವೇಳೆಗೆ ಮೈಯೆಲ್ಲ ಬೆವತು, ಕೈ ನಡುಗಿ, ಸೊಸೆಯ ಹೆಸರನ್ನೇ ತಪ್ಪಾಗಿ ಕರೆಯತೊಡಗಿದರು. ಮನೆಯವರು ಮೊದಲು ಇದನ್ನು ಉಪವಾಸದ ನಿಶ್ಶಕ್ತಿಯೆಂದೂ, ಆಮೇಲೆ ಪಾರ್ಶ್ವವಾಯುವೆಂದೂ ಭಾವಿಸಿದರು. ತಿಳಿದವರೊಬ್ಬರ ಮಾತಿನಂತೆ ಸಕ್ಕರೆ ನೀರು ಕುಡಿಸಿದರೂ ಅವರು ಬೇಗ ಚೇತರಿಸಿಕೊಳ್ಳಲಿಲ್ಲ. ಆಸ್ಪತ್ರೆ ತಲುಪಿದಾಗ ರಕ್ತದಲ್ಲಿನ ಸಕ್ಕರೆಯ ಪ್ರಮಾಣ 38 ಮಿಲಿಗ್ರಾಂಗೆ ಇಳಿದಿತ್ತು. 70ಕ್ಕಿಂತ ಕೆಳಗಿಳಿದರೆ ಅಪಾಯದ ಸೂಚನೆ. ಗ್ಲೂಕೋಸ್ ಏರಿಸಿದ ಅರ್ಧ ಗಂಟೆಯಲ್ಲಿ ಅಕ್ಕ ಎದ್ದು ಕುಳಿತರು. ಆದರೂ ವೈದ್ಯರು ಆ ರಾತ್ರಿ ಅವರನ್ನು ಮನೆಗೆ ಕಳಿಸಲು ಒಪ್ಪಲಿಲ್ಲ.

ಮರುದಿನ ನಾನು ಬಳ್ಳಾರಿಯಿಂದ ಹೋಗಿ, ಅವರು ಗುಳಿಗೆ ಇಟ್ಟುಕೊಳ್ಳುವ ಡಬ್ಬಿಯನ್ನು ತೆರೆದು ನೋಡಿದೆ. ಅದರಲ್ಲಿ ಎರಡು ಬೇರೆ ಬೇರೆ ಹೆಸರಿನ ಸ್ಟ್ರಿಪ್‌ಗಳಿದ್ದವು. "ಎರಡೂ ಡಾಕ್ಟ್ರೇ ಬರೆದದ್ದಲ್ಲೇನೋ ತಮ್ಮಾ, ಒಂದು ಬಳ್ಳಾರಿದು, ಒಂದು ಸಿರುಗುಪ್ಪದ್ದು" ಎಂದರು ಅಕ್ಕ. ಬೆಳೆಗೆ ಎರಡು ಬಗೆಯ ಗೊಬ್ಬರ ಹಾಕಿದಂತೆ ರೋಗಕ್ಕೆ ಎರಡು ಬಗೆಯ ಔಷಧ ಎಂದು ಅವರು ತಿಳಿದಿದ್ದರು. ಸ್ಟ್ರಿಪ್‌ಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದಾಗ ವಿಷಯ ಸ್ಪಷ್ಟವಾಯಿತು. ಮೊದಲನೆಯದರಲ್ಲಿ ಗ್ಲಿಮೆಪಿರೈಡ್ ಎರಡು ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ ಐನೂರು ಮಿಲಿಗ್ರಾಂ ಇದ್ದವು. ಎರಡನೆಯದರಲ್ಲೂ ಅವೆರಡೇ ಅಷ್ಟೇ ಪ್ರಮಾಣದಲ್ಲಿದ್ದು, ಜೊತೆಗೆ ವೋಗ್ಲಿಬೋಸ್ ಎಂಬ ಮೂರನೆಯ ಔಷಧವಿತ್ತು. ಎರಡನ್ನೂ ದಿನಕ್ಕೆ ಎರಡು ಬಾರಿ ನುಂಗುತ್ತಿದ್ದ ಅಕ್ಕನ ದೇಹಕ್ಕೆ ಎಂಟು ಮಿಲಿಗ್ರಾಂ ಗ್ಲಿಮೆಪಿರೈಡ್ ಸೇರುತ್ತಿತ್ತು. ಅಮೆರಿಕದ ಔಷಧ ಸೂಚಿಯಲ್ಲಿ ವಯಸ್ಕರಿಗೆ ಹೇಳಿರುವ ದಿನದ ಗರಿಷ್ಠ ಮಿತಿಯೇ ಅಷ್ಟು. ಬರೆದ ಇಬ್ಬರು ವೈದ್ಯರಲ್ಲಿ ಯಾರೂ ಇಷ್ಟನ್ನು ಉದ್ದೇಶಿಸಿರಲಿಲ್ಲ.

ಅಕ್ಕನನ್ನು ಆಕ್ಷೇಪಿಸುವ ನೈತಿಕ ಹಕ್ಕು ನನಗಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ಅಡಿಟಿಪ್ಪಣಿಗಳನ್ನೂ ಬಿಡದೆ ಓದಿದ ನಾನು, ಹನ್ನೊಂದು ವರ್ಷಗಳಿಂದ ನುಂಗುತ್ತಿರುವ ನನ್ನದೇ ಗುಳಿಗೆಯ ಸ್ಟ್ರಿಪ್ಪಿನ ಹಿಂಬದಿಯನ್ನು ಓದಿದ್ದು ಅಂದು ರಾತ್ರಿಯೇ. ಅದರಲ್ಲೂ ಎರಡು ಔಷಧಗಳಿದ್ದವು. ನನಗೆ ತಿಳಿದಿದ್ದುದು ಬ್ರಾಂಡಿನ ಹೆಸರು ಮಾತ್ರ.

ಮಿಶ್ರಣದ ಗುಳಿಗೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಟೈಪ್ 2 ಮಧುಮೇಹದಲ್ಲಿ ವರ್ಷಗಳು ಕಳೆದಂತೆ ಒಂದೇ ಔಷಧ ಸಾಲದಾಗುವುದು ಸಾಮಾನ್ಯ. ಎರಡು ಮೂರು ಔಷಧಗಳು ಒಂದೇ ಗುಳಿಗೆಯಲ್ಲಿದ್ದರೆ ಮರೆಯುವುದು ಕಡಿಮೆ, ಹಲವು ಸಂದರ್ಭಗಳಲ್ಲಿ ಖರ್ಚೂ ಕಡಿಮೆ. ಆದರೆ ಒಂದೇ ಹೆಸರಿನೊಳಗೆ ಅಡಗಿರುವ ಔಷಧಗಳ ಸ್ವಭಾವ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ಸಕ್ಕರೆಯನ್ನು ಹೊರಬಿಡುವುದನ್ನು ತಗ್ಗಿಸುತ್ತದೆ. ಅದೊಂದನ್ನೇ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ಗಳಂತಹವು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅವು ಕಾಯುವುದಿಲ್ಲ. ಉಪವಾಸದ ದಿನ ಅಕ್ಕನನ್ನು ಕೆಡವಿದ್ದು ಇದೇ. ಇದರ ಪ್ರಭಾವ ಗಂಟೆಗಟ್ಟಲೆ ಉಳಿಯುವುದರಿಂದ, ಒಮ್ಮೆ ಮೇಲೆ ಬಂದ ಸಕ್ಕರೆ ಮತ್ತೆ ಕುಸಿಯಬಹುದು. ವೈದ್ಯರು ಅವರನ್ನು ರಾತ್ರಿಯಿಡೀ ಉಳಿಸಿಕೊಂಡದ್ದು ಅದಕ್ಕೇ. ಇನ್ನು ವೋಗ್ಲಿಬೋಸ್, ಕರುಳಿನಲ್ಲಿ ಪಿಷ್ಟ ಮತ್ತು ಸಕ್ಕರೆ ಒಡೆಯುವುದನ್ನು ನಿಧಾನಗೊಳಿಸುತ್ತದೆ. ಅದನ್ನು ಸೇವಿಸುವವರಿಗೆ ಅಡುಗೆಮನೆಯ ಸಕ್ಕರೆ ಅಥವಾ ಬೆಲ್ಲ ಕೊಟ್ಟರೆ ತಕ್ಷಣ ರಕ್ತಕ್ಕೆ ಸೇರುವುದಿಲ್ಲ; ಗ್ಲೂಕೋಸ್ ಪುಡಿಯನ್ನೇ ಕೊಡಬೇಕು. ಸೊಸೆ ಕುಡಿಸಿದ ಸಕ್ಕರೆ ನೀರು ಏಕೆ ಬೇಗ ಕೆಲಸ ಮಾಡಲಿಲ್ಲವೆಂಬುದು ನನಗೆ ಆಗ ಅರ್ಥವಾಯಿತು.

ಇದು ಒಂದು ಮನೆಯ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾಯೋಜಕತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ವಯಸ್ಕರಲ್ಲಿ ಶೇ 11.4ರಷ್ಟು. ಇದು ನಗರದವರ ಕಾಯಿಲೆ ಎಂಬ ಕಾಲ ಮುಗಿದಿದೆ. ತುಂಗಭದ್ರಾ ಜಲಾಶಯದ ನೀರು 1950ರ ದಶಕದಲ್ಲಿ ಕಾಲುವೆಗಿಳಿದ ಮೇಲೆ ಸಿರುಗುಪ್ಪದ ಸುತ್ತಮುತ್ತ ಭತ್ತದ ಗದ್ದೆಗಳು ಹರಡಿದವು, ಜೋಳದ ರೊಟ್ಟಿಯಿದ್ದ ತಟ್ಟೆಗೆ ಮೂರು ಹೊತ್ತೂ ಅನ್ನ ಬಂತು. ದೈಹಿಕ ಶ್ರಮವನ್ನು ಯಂತ್ರ ವಹಿಸಿಕೊಂಡಿತು. ಆದರೆ ಔಷಧದ ತಿಳಿವಳಿಕೆ ಮಾತ್ರ ಅದೇ ವೇಗದಲ್ಲಿ ಹಳ್ಳಿಗೆ ತಲುಪಲಿಲ್ಲ. ನಮ್ಮ ಭಾಗದವರು ಇಂದು ಸಿರುಗುಪ್ಪದಲ್ಲಿ, ನಾಳೆ ಬಳ್ಳಾರಿಯಲ್ಲಿ, ಮತ್ತೊಮ್ಮೆ ಗಡಿ ದಾಟಿ ಆದೋನಿಯಲ್ಲಿ ವೈದ್ಯರನ್ನು ಕಾಣುತ್ತಾರೆ. ಪ್ರತಿಯೊಬ್ಬ ವೈದ್ಯರ ಚೀಟಿಯೂ ಹಿಂದಿನದನ್ನು ರದ್ದುಪಡಿಸುತ್ತದೆಯೋ, ಅದಕ್ಕೆ ಸೇರ್ಪಡೆಯಾಗುತ್ತದೆಯೋ ಎಂಬುದನ್ನು ರೋಗಿಗೆ ಹೇಳುವವರಿಲ್ಲ.

ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ವೈದ್ಯಕೀಯ ಸೇವೆ ಉಳಿದ ಸರಕುಗಳ ಮಾರುಕಟ್ಟೆಯಂತಲ್ಲವೆಂದು ತೋರಿಸಿಕೊಟ್ಟರು. ಕೊಳ್ಳುವವನಿಗೂ ಕೊಡುವವನಿಗೂ ಇರುವ ತಿಳಿವಳಿಕೆಯ ಅಂತರವೇ ಅಲ್ಲಿ ನಿರ್ಣಾಯಕ. ಮಿಶ್ರಣದ ಗುಳಿಗೆ ಈ ಅಂತರವನ್ನು ಮತ್ತಷ್ಟು ಹಿಗ್ಗಿಸಿದೆ. ಸಿಟಾಗ್ಲಿಪ್ಟಿನ್‌ನಂತಹ ಹೊಸ ಔಷಧಗಳ ಪೇಟೆಂಟ್ 2022ರ ಸುಮಾರಿಗೆ ಮುಗಿದು ಬೆಲೆ ಇಳಿದದ್ದು ಸ್ವಾಗತಾರ್ಹವೇ. ಆದರೆ ಅದರೊಂದಿಗೆ ಮಿಶ್ರಣಗಳೂ ಬ್ರಾಂಡುಗಳೂ ಹೆಚ್ಚಿದವು. ಹೆಸರಿನ ಬಾಲಕ್ಕೆ 'ಎಂ', 'ವಿ', 'ಪಿ', 'ಫೋರ್ಟೆ' ಎಂದೋ, ಒಂದು, ಎರಡು ಎಂಬ ಅಂಕಿಯೋ ಅಂಟಿಕೊಂಡಿರುತ್ತದೆ. ಆ ಒಂದಕ್ಷರ ಅಥವಾ ಅಂಕಿ ಬದಲಾದರೆ ಒಳಗಿನ ಔಷಧವೇ ಬದಲಾಗಬಹುದು, ಇಲ್ಲವೇ ಪ್ರಮಾಣ ದುಪ್ಪಟ್ಟಾಗಬಹುದು. ಅಂಗಡಿಯಲ್ಲಿ "ಅದಿಲ್ಲ, ಇದು ಒಂದೇ" ಎಂದು ಬೇರೆ ಸ್ಟ್ರಿಪ್ ಕೊಟ್ಟಾಗ ಎಷ್ಟು ಜನ ಬಾಲವನ್ನು ಗಮನಿಸುತ್ತಾರೆ?

ಈ ಮಿಶ್ರಣಗಳ ಮೇಲೆ ಸರ್ಕಾರದ ಹಿಡಿತ ಹಿಂದಿನಿಂದಲೂ ಸಡಿಲವೇ. ಕೇಂದ್ರದ ಒಪ್ಪಿಗೆಯಿಲ್ಲದೆ ರಾಜ್ಯಗಳ ಮಟ್ಟದಲ್ಲೇ ಪರವಾನಗಿ ಪಡೆದ ಮಿಶ್ರಣಗಳ ಬಗ್ಗೆ 2012ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಬರೆದಿತ್ತು. ಅನಂತರ ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚಂದ್ರಕಾಂತ ಕೊಕಾಟೆ ಅವರ ನೇತೃತ್ವದ ಸಮಿತಿ ಆರು ಸಾವಿರಕ್ಕೂ ಹೆಚ್ಚು ಮಿಶ್ರಣಗಳನ್ನು ಪರಿಶೀಲಿಸಿತು. ಅದರ ಆಧಾರದ ಮೇಲೆ 2016ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 344 ಮಿಶ್ರಣಗಳನ್ನು ನಿಷೇಧಿಸಿತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಆ ವರ್ಷದ ಕೊನೆಯಲ್ಲಿ ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದುಗೊಳಿಸಿತು. ಸುಪ್ರೀಂ ಕೋರ್ಟ್ ಸೂಚನೆಯಂತೆ ಮರುಪರಿಶೀಲನೆ ನಡೆದು 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳ ನಿಷೇಧ ಜಾರಿಯಾಯಿತು. ಮಧುಮೇಹದ ಕೆಲವು ಮಿಶ್ರಣಗಳೂ ಆ ಪಟ್ಟಿಯಲ್ಲಿದ್ದವು. 2025ರ ಏಪ್ರಿಲ್‌ನಲ್ಲಿಯೂ ಒಪ್ಪಿಗೆಯಿಲ್ಲದ 35 ಮಿಶ್ರಣಗಳನ್ನು ತಡೆಯುವಂತೆ ಕೇಂದ್ರದ ಔಷಧ ನಿಯಂತ್ರಕರು ರಾಜ್ಯಗಳಿಗೆ ಬರೆಯಬೇಕಾಯಿತು. ನಿಯಂತ್ರಣ ಅಗತ್ಯ, ನಿಜ. ಆದರೆ ಅಕ್ಕನ ಡಬ್ಬಿಯಲ್ಲಿದ್ದ ಎರಡೂ ಗುಳಿಗೆಗಳು ವೈದ್ಯರು ನಿತ್ಯವೂ ಬರೆಯುವಂತಹವೇ ಆಗಿದ್ದವು. ಅಪಾಯ ಬಂದದ್ದು ಅಜ್ಞಾನದಿಂದ. ಅದನ್ನು ಯಾವ ನಿಷೇಧವೂ ತಡೆಯದು.

ಹಾಗಾದರೆ ರೋಗಿ ಮಾಡಬೇಕಾದದ್ದೇನು? ಮೊದಲನೆಯದಾಗಿ, ತಾನು ನುಂಗುವ ಗುಳಿಗೆಯೊಳಗಿನ ಔಷಧಗಳ ಮೂಲ ಹೆಸರು ಮತ್ತು ಪ್ರಮಾಣವನ್ನು ಕನ್ನಡದಲ್ಲಿ ಬರೆಸಿಟ್ಟುಕೊಂಡು ಯಾವ ವೈದ್ಯರ ಬಳಿ ಹೋದರೂ ತೋರಿಸಬೇಕು, ಹೊಸ ಚೀಟಿ ಬರೆದಾಗ "ಹಳೆಯದನ್ನು ನಿಲ್ಲಿಸಬೇಕೆ?" ಎಂದು ಕೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಡಿಯಾಗಿ ಕೊಟ್ಟ ಗುಳಿಗೆಯನ್ನೋ ಜನೌಷಧಿ ಕೇಂದ್ರದ ಗುಳಿಗೆಯನ್ನೋ ತಂದಾಗಲೂ ಈ ಪ್ರಶ್ನೆ ಬೇಕು. ಅವು ಕಡಿಮೆ ಬೆಲೆಯವೆಂಬುದು ಒಳ್ಳೆಯದೇ. ಆದರೆ ಮನೆಯಲ್ಲಿ ಉಳಿದ ಬ್ರಾಂಡಿನ ಗುಳಿಗೆಯ ಜೊತೆ ಸೇರಿದರೆ ದುಪ್ಪಟ್ಟಾಗುತ್ತದೆ.

ಎರಡನೆಯದು ಊಟದ ನಂಟು. ಗ್ಲಿಮೆಪಿರೈಡ್ ಇರುವ ಗುಳಿಗೆ ದಿನದ ಮೊದಲ ಮುಖ್ಯ ಆಹಾರದ ಜೊತೆ ಅಥವಾ ಅದಕ್ಕೆ ಸ್ವಲ್ಪ ಮುಂಚೆ. ನುಂಗಿದ ಮೇಲೆ ಊಟ ತಪ್ಪಿಸಬಾರದು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸವಿದ್ದರೆ ಪ್ರಮಾಣ, ಸಮಯಗಳನ್ನು ಹೇಗೆ ಬದಲಿಸಬೇಕೆಂದು ಕೆಲವು ದಿನ ಮೊದಲೇ ವೈದ್ಯರಲ್ಲಿ ವಿಚಾರಿಸಬೇಕು. ಒಂದು ಹೊತ್ತಿನ ಗುಳಿಗೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. 'ಎಸ್ಆರ್', 'ಇಆರ್' ಎಂದು ಬರೆದ ಗುಳಿಗೆಗಳು ನಿಧಾನವಾಗಿ ಕರಗುವಂತೆ ತಯಾರಾದವು. ಅವನ್ನು ಮುರಿದು, ಪುಡಿ ಮಾಡಿ ನುಂಗಬಾರದು.

ಮೂರನೆಯದು ಕಾಯಿಲೆಯ ದಿನಗಳು. ಬಳ್ಳಾರಿಯ ಬೇಸಿಗೆಯಲ್ಲಿ ವಾಂತಿ ಭೇದಿಯಾಗಿ ದೇಹ ಒಣಗಿದಾಗ ಮೆಟ್‌ಫಾರ್ಮಿನ್ ಮತ್ತು ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಔಷಧಗಳನ್ನು ಮುಂದುವರಿಸುವುದು ಅಪಾಯಕಾರಿಯಾಗಬಹುದು. ಕೂಡಲೇ ವೈದ್ಯರನ್ನು ಕೇಳಬೇಕು. ಮೂತ್ರಪಿಂಡದ ಶಕ್ತಿ ತೀರ ಕುಗ್ಗಿದವರಿಗೆ ಮೆಟ್‌ಫಾರ್ಮಿನ್ ಸಲ್ಲದು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಶಸ್ತ್ರಚಿಕಿತ್ಸೆಗೆ ಅಥವಾ ಬಣ್ಣದ ದ್ರಾವಣ ಚುಚ್ಚಿ ಮಾಡುವ ಸ್ಕ್ಯಾನ್‌ಗೆ ಮುನ್ನ ಗುಳಿಗೆಯ ವಿವರ ಹೇಳಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಪಾದ ಜೋಮು ಹಿಡಿಯುವುದೆಲ್ಲ ಸಕ್ಕರೆಯಿಂದಲೇ ಎಂದುಕೊಳ್ಳಬಾರದು. ಫ್ಲುಕೊನಜೋಲ್‌ನಂತಹ ಶಿಲೀಂಧ್ರನಾಶಕ ಗುಳಿಗೆ, ಕೆಲವು ಪ್ರತಿಜೀವಕಗಳು ಮತ್ತು ಮದ್ಯ ಗ್ಲಿಮೆಪಿರೈಡ್‌ನ ಪರಿಣಾಮವನ್ನು ಹೆಚ್ಚಿಸಬಲ್ಲವು.

ಸಕ್ಕರೆ ಕುಸಿದ ಲಕ್ಷಣ ಕಂಡರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷದ ನಂತರವೂ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಸುಧಾರಿಸಿದ ಮೇಲೂ ಏನಾದರೂ ತಿನ್ನಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆದರೆ ಈ ಲೇಖನ ಓದಿ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಕೂಡದು. ಏರಿದ ಸಕ್ಕರೆ ಮಾಡುವ ಹಾನಿ ನಿಧಾನವಾದರೂ ಕಡಿಮೆಯೇನಲ್ಲ.

ಇಷ್ಟೆಲ್ಲ ಹೊರೆಯನ್ನು ರೋಗಿಯೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಔಷಧದ ಬಗ್ಗೆ ರೋಗಿಗೆ ತಿಳಿವಳಿಕೆ ಕೊಡುವುದು ಔಷಧ ವಿತರಕರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಗಳು ಹೇಳುತ್ತವೆ. ಅದು ಕಾಗದದಲ್ಲಿ ಉಳಿದಿದೆ. ಮಧುಮೇಹದ ಗುಳಿಗೆ ಕೊಡುವ ಪ್ರತಿ ಅಂಗಡಿಯೂ ಒಳಗಿನ ಔಷಧಗಳ ಹೆಸರು, ಪ್ರಮಾಣ ಮತ್ತು "ಊಟ ಬಿಟ್ಟ ದಿನ ವೈದ್ಯರನ್ನು ಕೇಳಿ" ಎಂಬ ಸಾಲನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಂಟಿಸಿ ಕೊಡುವಂತೆ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಸೂಚಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪ್ರತಿ ಮಧುಮೇಹಿಗೂ, ಖಾಸಗಿಯಲ್ಲಿ ಬರೆಸಿದ ಔಷಧವನ್ನೂ ಸೇರಿಸಿ, ಒಂದೇ ಚೀಟಿ ಪುಸ್ತಕ ನೀಡಲಿ. ಹಳ್ಳಿಯ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಗುಳಿಗೆಯ ಡಬ್ಬಿಯನ್ನು ತೆರೆದು ನೋಡುವ ತರಬೇತಿ ಮತ್ತು ಅದಕ್ಕೆ ತಕ್ಕ ಗೌರವಧನ ಸಿಗಲಿ. ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬಜೆಟ್ ಲೆಕ್ಕ ನೋಡಿ ಬಲ್ಲವನಾಗಿ ಇದನ್ನು ಹೇಳುತ್ತಿದ್ದೇನೆ.

ಈಗ ಅಕ್ಕನಿಗೆ ವೈದ್ಯರು ಒಂದೇ ಬಗೆಯ ಗುಳಿಗೆ ಬರೆದುಕೊಟ್ಟಿದ್ದಾರೆ. ಅದರಲ್ಲಿರುವ ಔಷಧಗಳ ಹೆಸರನ್ನು ಸೊಸೆ ರಟ್ಟಿನ ಮೇಲೆ ಬರೆದು ದೇವರ ಗೂಡಿನ ಪಕ್ಕದಲ್ಲಿ ಅಂಟಿಸಿದ್ದಾಳೆ. ಗ್ಲೂಕೋಸ್ ಡಬ್ಬಿಯೂ ಅಲ್ಲೇ ಇದೆ. ಮುಂದಿನ ಏಕಾದಶಿಗೆ ಉಪವಾಸ ಮಾಡುವ ಮುನ್ನ ವೈದ್ಯರನ್ನು ಕೇಳುವುದಾಗಿ ಅಕ್ಕ ಮಾತು ಕೊಟ್ಟಿದ್ದಾರೆ. ಓದುಗರು ಇಂದು ಸಂಜೆ ತಮ್ಮ ಮನೆಯ ಹಿರಿಯರ ಗುಳಿಗೆಯ ಡಬ್ಬಿಯನ್ನೊಮ್ಮೆ ತೆರೆದು, ಸ್ಟ್ರಿಪ್ಪಿನ ಹಿಂಬದಿಯನ್ನು ಅವರಿಗೆ ಓದಿ ಹೇಳಲಿ.